ಗೌರಿಯ ಹೆಸರಿಗೆ ಒಂದು ಚರ್ಮ

ಸುಣ್ಣದ ನೀರಿನ ವಾಸನೆ ಬಂದರೆ ಇವತ್ತಿಗೂ ಗುಮ್ಮಘಟ್ಟದ ನಮ್ಮ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಆ ಮಣ್ಣಿನ ಮಾಳಿಗೆಯೂ ಇಲ್ಲ, ಕುರಿ ರೊಪ್ಪವೂ ಇಲ್ಲ. ಕಳೆದುಹೋದ ಇಂಥದೊಂದು ಹಿತ್ತಲು ನಿಮಗೂ ಇದ್ದೀತು. ನನ್ನ ಅಕ್ಕ ಗೌರಿ ರಾಯದುರ್ಗದಲ್ಲಿ ಇಂಟರ್ ಓದುತ್ತಿದ್ದಳು. ಒಂದು ಸಂಜೆ ಅಪ್ಪನಿಗೆ ಹೇಳಿದಳು: ಇಂಗ್ಲಿಷಿನಲ್ಲಿ ಪಾರ್ಚ್‌ಮೆಂಟ್ ಅಂತ ಒಂದು ಮಾತಿದೆ, ಬರೆಯಲು ಸಿದ್ಧಮಾಡಿದ ಕುರಿಚರ್ಮ; ಪೆರ್ಗಮಾನ್ ಎಂಬ ಹಳೆಯ ಊರಿನಿಂದ ಅದಕ್ಕೆ ಆ ಹೆಸರು ಬಂತು.

"ಊರ ಹೆಸ್ರು ಚರ್ಮಕ್ಕ ಬಂತಾ? ಹಂಗಾರ ನಮ್ಮೂರಾಗ ಮಾಡಿದ್ರ ಏನಂತಾರವ್ವ?"

"ಗುಮ್ಮಘಟ್ಟಮೆಂಟು ಅಂತಾರಪ್ಪ" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ಅಪ್ಪ ನಗಲಿಲ್ಲ. ಅವನಿಗೆ ಅಕ್ಷರ ಬಾರದು. ಆದರೆ ಹಿರಿಯರ ಹೆಸರು ಬರೆಸಿಟ್ಟಿದ್ದ ಕಾಗದವನ್ನು ಗೆದ್ದಲು ತಿಂದ ಸಂಕಟ ಇನ್ನೂ ಆರಿರಲಿಲ್ಲ. ಚರ್ಮದ ಮೇಲೆ ಮನೆಯವರ ಹೆಸರೆಲ್ಲ ಬರೆಸಬೇಕೆಂದು ಹಟ ಹಿಡಿದ. ಆದರೆ ಮೊದಲ ಚರ್ಮವನ್ನು ಚಪ್ಪಲಿಗೆ ಹದಮಾಡುವ ಹಾಗೆ ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಹಾಕಿಬಿಟ್ಟ. ಚರ್ಮ ಕಂದಾಗಿ, ಶಾಯಿ ಕಾಣಲೇ ಇಲ್ಲ. "ತೊಗಟಿ ಹಾಕಬಾರ್ದಪ್ಪ. ಸುಣ್ಣದಾಗ ನೆನಸಿ, ಕೂದ್ಲು ಹೆರೆದು, ಕಟ್ಟಿಗಿ ಚೌಕಟ್ಟಿಗೆ ಬಿಗಿದು ಒಣಗಿಸ್ಬೇಕು" ಎಂದಳು ಅಕ್ಕ. ಮುಂದಿನ ಚರ್ಮ ಹಾಗೇ ಮಾಡೋಣವೆಂದು ಮಾತಾಯಿತು. ಅದಕ್ಕೆ ಮೊದಲೇ ಕಾಮಾಲೆಯಾಗಿ ಅಕ್ಕ ಹೋದಳು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಮೂರನೇ ಕ್ಲಾಸಿನ ಹುಡುಗಿ ನಾನು, ಬಂದವರ ಚಪ್ಪಲಿಗಳನ್ನು ಜೋಡಿಸುತ್ತಾ ಕೂತಿದ್ದೆ.

ತಿಂಗಳೆರಡು ಕಳೆದ ಮೇಲೆ ಅಪ್ಪ ಅವಳು ಹೇಳಿದಂತೆಯೇ ಒಂದು ಚರ್ಮ ಮಾಡಿದ. ಬೆಳ್ಳಗೆ, ಬಿಗಿಯಾಗಿ ಬಂತು. ಶಾಯಿಯ ಪೆನ್ನು ನನ್ನ ಕೈಗಿಟ್ಟು, "ಮೊದ್ಲು ಅಕ್ಕನ ಹೆಸ್ರು ಬರಿಯವ್ವ" ಎಂದ. ಆ ಎರಡಕ್ಷರ ನನಗೆ ಚೆನ್ನಾಗಿ ಬರುತ್ತಿತ್ತು. ಕೈ ಮಾತ್ರ ಏಳಲಿಲ್ಲ. ಅಪ್ಪ ಕಾಯುತ್ತಾ ನಿಂತಿದ್ದ. ಕೊನೆಗೆ ನನ್ನದೇ ಹೆಸರು ಬರೆದುಬಿಟ್ಟೆ.

"ಎಲ್ಲೈತವ್ವ?" ಎಂದ. ಅವನ ಬೆರಳು ಹಿಡಿದು ಅಕ್ಷರಗಳ ಮೇಲಿಟ್ಟೆ. ಬಹಳ ಹೊತ್ತು ಸವರಿದ. "ಸಾಕು. ಬ್ಯಾರೆ ಯಾರ್ದೂ ಬ್ಯಾಡ" ಎಂದು ಗೋಡೆಗೆ ತೂಗುಹಾಕಿದ.

ದಿನಾ ಕುರಿ ಹೊಡೆದುಕೊಂಡು ಹೊರಡುವ ಮೊದಲು ಅದನ್ನು ಮುಟ್ಟಿ, "ಹೋಗಿ ಬರ್ತೀನಿ ಗೌರಿ" ಎನ್ನುತ್ತಿದ್ದ. ಅವನು ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ. ಈಗ ಚರ್ಮ ನನ್ನ ಹತ್ತಿರ ಇದೆ. ನನ್ನ ಹೆಸರಿನ ಕೆಳಗೆ ಬೇಕಾದಷ್ಟು ಜಾಗವಿದೆ. ನಾನು ಇನ್ನೂ ಬರೆದಿಲ್ಲ.