ಎಮ್ಮೆ ತುಳಿದ ಹೊಂಡ

ಇಂಡಿ ಪಟ್ಟಣದ ಉದ್ಯಾನದಲ್ಲಿ ಎರಡು ಹೊಂಡಗಳಿದ್ದವು. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು. ಎರಡೂ ಸೋರಿ ಬತ್ತಿದಾಗ, ಸಿಮೆಂಟ್ ಹಾಕದೆ ಮಣ್ಣಿನಿಂದಲೇ ಸರಿಪಡಿಸೋಣ ಎಂದು ಮೊದಲು ಹೇಳಿದವಳು ನಾನಲ್ಲ, ನನ್ನ ಗೆಳತಿ. ಒಂದೇ ಸಾಲಿಯಲ್ಲಿ ಕಲಿಸುತ್ತಿದ್ದೆವು, ಮಧ್ಯಾಹ್ನ ಒಬ್ಬರ ಡಬ್ಬಿಯಿಂದ ಒಬ್ಬರು ಉಣ್ಣುತ್ತಿದ್ದೆವು. ಉದ್ಯಾನದ ಸಮಿತಿಯಲ್ಲಿಯೂ ಇಬ್ಬರೂ ಇದ್ದೆವು.

ಮಣ್ಣಿನ ತಳ ಕಟ್ಟುವುದು ಗೊತ್ತಿದ್ದದ್ದು ಎಮ್ಮೆ ಸಾಕುವ ಚಾಚಾ ಒಬ್ಬರಿಗೇ. ಜೇಡಿಮಣ್ಣು ಹರಡಿಸಿ, ನೀರು ಚಿಮುಕಿಸಿ, ತಮ್ಮ ಎಮ್ಮೆಗಳನ್ನು ಅದರ ಮೇಲೆ ದಿನವೂ ಸುತ್ತು ಹೊಡೆಸಿದರು.

"ಎಮ್ಮಿ ತುಳಿದಷ್ಟೂ ತಳ ಗಟ್ಟಿ ಆಗತೈತ್ರಿ ಅಕ್ಕೋರ."

ಕೂಲಿ ಬೇಡವೆಂದರು. ಬೇಸಿಗೆಯಲ್ಲಿ ಎಮ್ಮೆಗಳು ಕೆಳಗಿನ ಹೊಂಡದಲ್ಲಿ ನೀರು ಕುಡಿಯಬೇಕು, ಅಷ್ಟೇ. ಆಗಲಿ ಎಂದೆ. ಗೆಳತಿಯೂ ತಲೆಯಾಡಿಸಿದಳು.

ಮಳೆಯ ನೀರು ಸೋರದೆ ನಿಂತಿತು. ಅಂಚಿಗೆ ಆಪು ಹುಲ್ಲು ನೆಟ್ಟೆವು, ಕಪ್ಪೆಗಳು ಬಂದವು. ಅಷ್ಟರಲ್ಲಿ ತವರೂರು ತಂಗಡಗಿಯಲ್ಲಿ ನನ್ನವ್ವ ಬಿದ್ದು ಕಾಲು ಮುರಿದುಕೊಂಡಳು. ರಜೆ ಹಾಕಿ ಹೋದವಳು ತಿಂಗಳ ನಂತರ ಮರಳಿದೆ. ಎರಡೂ ಹೊಂಡಗಳಿಗೆ ಸಿಮೆಂಟ್ ಬಿದ್ದಿತ್ತು, ಅದರ ಮೇಲೆ ನೀಲಿ ಬಣ್ಣ. ಸುತ್ತ ಕಬ್ಬಿಣದ ಬೇಲಿ. ರಸ್ತೆಯಲ್ಲಿ ಸಿಕ್ಕ ಚಾಚಾ ಮುಖ ತಿರುಗಿಸಿ ಹೊರಟರು. ನಾನೇ ತಡೆದು ಕೇಳಿದೆ.

"ನೀವೂ ಒಪ್ಪೀರಂತಲ್ರಿ," ಎಂದರು. "ನಿಮ್ಮ ಗೆಳತ್ಯಾರೇ ಹೇಳಿದ್ರು."

ಮರುದಿನ ಸಾಲಿಯಲ್ಲಿ ಅವಳನ್ನು ಕೇಳಿದೆ. ಅವಳು ಅಡಗಿಸಲಿಲ್ಲ.

"ನೀ ಇದ್ದಿದ್ರ ಒಪ್ಪತಿದ್ದಿಲ್ಲ. ಅದಕ್ಕ, ಫೋನಿನ್ಯಾಗ ಒಪ್ಪಿದಾಳಂತ ಹೇಳಿ ಸಮಿತಿ ಠರಾವಿನ್ಯಾಗ ಬರೆಸಿದೆ. ಕಾರಂಜಿ ಹಾಕತಾರ, ಮಂದಿ ನೋಡಾಕ ಬರ್ತಾರ. ಯಾರಿಗೇನು ಲುಕ್ಸಾನ ಆತು?"

"ಚಾಚಾಗ ಕೊಟ್ಟ ಮಾತು?"

"ಅದನ್ನ ಕೊಟ್ಟಾಕಿ ನೀನು."

ಅವಳು ಅಂದು ತಲೆಯಾಡಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ನನ್ನ ಡಬ್ಬಿ ಎತ್ತಿಕೊಂಡು ತರಗತಿಗೆ ಹೋದೆ.

ನಾನು ಒಪ್ಪಿರಲಿಲ್ಲ ಎಂದು ಸಮಿತಿಗೆ ಬರೆದುಕೊಟ್ಟೆ. ಕಾಗದ ಫೈಲು ಸೇರಿತು, ಹೊಂಡ ಹಾಗೇ ಉಳಿಯಿತು. ಅದರ ನಕಲನ್ನು ಚಾಚಾ ಅವರ ಕೊಟ್ಟಿಗೆಗೆ ಒಯ್ದು ಓದಿದೆ. ಹಾಲು ಹಿಂಡುತ್ತಲೇ ಕೇಳಿ, "ಹೋಗ್ಲಿ ಬಿಡ್ರಿ ಅಕ್ಕೋರ," ಎಂದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆ ಬೇಸಿಗೆ ಅವರು ಎಮ್ಮೆಗಳನ್ನು ಊರ ಹೊರಗಿನ ಕಾಲುವೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಇತ್ತ ಹೊಂಡದ ನೀರು ಪಾಚಿಗಟ್ಟಿ ನಾರತೊಡಗಿತು. ಅದನ್ನು ಚೆಲ್ಲಿ ಟ್ಯಾಂಕರಿನಿಂದ ತುಂಬಿಸುವುದು ನಡೆದೇ ಇತ್ತು.

ಮುಂದಿನ ವರ್ಷ ಗೆಳತಿಗೆ ಸಿಂದಗಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಬರ್ತೇನಿ," ಎಂದಳು.

ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ.