ಬೂದಿ ಬೆರೆಸಿದ ಸ್ಲ್ಯಾಬು

ಚಿನ್ನೀ, ಪುಟ್ಟಾ, ನಾನು ಮಾತಿನವಳಲ್ಲ ಎಂದು ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕೋಸಗಿ ಹತ್ತಿರದ ನಮ್ಮ ಮನೆಯ ಮುಂದಿನ ಕೋಣೆಗೆ ಸ್ಲ್ಯಾಬು ಹಾಕುವಾಗ ನಿಮ್ಮ ತಾತ ಸಿಮೆಂಟಿಗೆ ಬಿಳಿ ಬೂದಿ ಬೆರೆಸಿದರು. ಒಲೆಯ ಬೂದಿಯಲ್ಲ. ಎಷ್ಟೋ ಸಾವಿರ ವರ್ಷದ ಹಿಂದೆ ಸಮುದ್ರದಾಚೆ ಬೆಂಕಿಬೆಟ್ಟ ಸಿಡಿದು, ಗಾಳಿಯಲ್ಲಿ ತೇಲಿ ಬಂದು ಬಿದ್ದದ್ದಂತೆ. ಮೂಡಣದ ಕಡೆ ಹಳ್ಳದ ದಂಡೆ ಅಗೆದರೆ ಸಿಗುತ್ತದೆ, ಅಲ್ಲಿಯ ಹೆಂಗಸರು ಅದರಲ್ಲಿ ಪಾತ್ರೆ ತಿಕ್ಕುತ್ತಾರೆ. ಕಾಲುವೆ ಕೆಲಸಕ್ಕೆ ಹೋದಾಗ ತಾತ ಇದನ್ನು ಕಲಿತಿದ್ದರು. ಇದನ್ನು ಬೆರೆಸಿದರೆ ನೀರು ಸೋರುವುದಿಲ್ಲ, ಆದರೆ ಗಟ್ಟಿಯಾಗುವುದು ನಿಧಾನ.

ಚಿನ್ನೀ, ಆಗ ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಹಿಂದಿನ ಮಣ್ಣಿನ ಮಾಳಿಗೆ ಕುಸಿಯುತ್ತಿತ್ತು. ಇದ್ದದ್ದು ಇದೊಂದೇ ಕೋಣೆ.

ಗುಂಟೂರಿಗೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಲಾರಿ ಹೊರಟಿತು. ತಾತ ಹತ್ತುವ ಮುಂಚೆ, "ತಿಂಗಳು ತುಂಬೂ ತನಕ ಸ್ಲ್ಯಾಬಿನ ಕೆಳಗಿನ ಒಂದು ಕಂಬಾನೂ ತೆಗೀಬಾರದು" ಎಂದರು. ಓಣಿಯೆಲ್ಲ ಅದೇ ಲಾರಿಯಲ್ಲಿ ಹೋಯಿತು. ಸ್ಲ್ಯಾಬಿಗೆ ನೀರು ಹಾಕಲು ನಾನು ಉಳಿದೆ.

ಸ್ಲ್ಯಾಬಿಗೆ ಆಸರೆಯ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ಕಟ್ಟಿದ್ದವರು ತಾತನ ಅಣ್ಣ, ನನಗೆ ಭಾವ. ಅವರು ನಗುತ್ತಾರೆಂದು ತಾತ ಬೂದಿಯ ವಿಷಯ ಹೇಳಿರಲಿಲ್ಲ. ನಮ್ಮಲ್ಲಿ ಹೆಂಗಸರು ಭಾವನ ಎದುರು ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ಅವರೊಡನೆ ಒಂದು ಮಾತೂ ಆಡಿರಲಿಲ್ಲ, ಹೇಳುವುದಿದ್ದರೆ ಬೇರೆಯವರ ಬಾಯಲ್ಲಿ ಹೇಳಿಸುತ್ತಿದ್ದೆ.

ಸ್ಲ್ಯಾಬು ಹಾಕಿದ ಹದಿನೈದನೇ ದಿನ ಭಾವ ಇಬ್ಬರು ಆಳುಗಳೊಡನೆ ಬಂದರು. ಬರೀ ಸಿಮೆಂಟಾಗಿದ್ದರೆ ಅಷ್ಟು ದಿನ ಸಾಕಿತ್ತು. ಪತ್ತಿಕೊಂಡದ ಕೆಲಸಕ್ಕೆ ಕಂಬ ಬೇಕೆಂದು ಅಂಗಳದಿಂದಲೇ ಕೂಗಿ ಹೇಳಿದರು. ಒಬ್ಬ ಆಳು ಮೇಲೆ ಹತ್ತಿ, "ನೀರು ನಿಲ್ಲಿಸಿ ಭತ್ತ ನಾಟಿ ಮಾಡ್ಯಾರೇನು ಇಲ್ಲಿ?" ಎಂದು ನಗಿಸಿದ. ನಾನು ಬಾಗಿಲ ಹಿಂದೆ ನಿಂತು ತಾತನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೊದಲ ಕಂಬ ಬಿತ್ತು. ಸೆರಗು ಮುಂದೆ ಎಳೆದುಕೊಂಡು ಹೊಸ್ತಿಲವರೆಗೆ ಬಂದೆ, ದಾಟಲಿಲ್ಲ. ಎರಡನೆಯದು ಬಿದ್ದಾಗ ಸ್ಲ್ಯಾಬಿನ ನಡುವೆ ಕೂದಲೆಳೆಯಂಥ ಗೆರೆ ಬಿಟ್ಟು ನೀರು ತೊಟ್ಟಿಕ್ಕಿತು.

ಓಡಿಹೋಗಿ ಮೂರನೇ ಕಂಬ ತಬ್ಬಿ ನಿಂತೆ. ಭಾವ ಮುಖ ತಿರುಗಿಸಿ, "ಆಕಿಗೆ ಹೊರಗ ಬರಾಕ ಹೇಳೋ" ಎಂದು ಆಳಿಗೆ ಹೇಳಿದರು.

"ಭಾವಾರ, ಇದರಾಗ ಬೂದಿ ಐತ್ರಿ. ಇನ್ನೂ ಹಸಿ ಐತಿ. ಮಗಳು ಇದರ ಕೆಳಗ ಮಲಗಬೇಕ್ರಿ."

ಅವರು ತಲೆಯೆತ್ತಿ ಗೆರೆ ನೋಡಿದರು. ಬಿದ್ದ ಕಂಬಗಳನ್ನು ತಾವೇ ಎತ್ತಿ ನಿಲ್ಲಿಸಿ ಬೆಣೆ ಬಡಿದರು. ಜಗ್ಗಿದ ಸ್ಲ್ಯಾಬು ಮೇಲೇಳಲಿಲ್ಲ. "ಮಗಳನ್ನ ಕರೀಬ್ಯಾಡವ್ವ" ಎಂದು ಹೇಳಿ ಹೋದರು.

ತಾತ ರಾತ್ರಿ ತಿರುಗಿ ಫೋನು ಮಾಡಿದಾಗ ಸ್ಲ್ಯಾಬು ಬಿರುಕು ಬಿಟ್ಟಿದೆ ಎಂದಷ್ಟೇ ಹೇಳಿದೆ. ನಿಮ್ಮಮ್ಮ ಬಾಣಂತನಕ್ಕೆ ಬರಲಿಲ್ಲ. ತಾತ ಊರಿಗೆ ಬಂದವರೇ ಆ ಗೆರೆಯನ್ನು ಬೆರಳಿಂದ ಸವರಿ, "ಬೂದಿ ಪಾಲು ಹೆಚ್ಚಾತೇನೋ" ಎಂದರು. ಅಲ್ಲೇ ನಿಂತಿದ್ದ ಭಾವ ಕಂಬ ಬೇಗ ತೆಗೆದದ್ದನ್ನು ಹೇಳಲಿಲ್ಲ. ಅಣ್ಣ ತಮ್ಮಂದಿರಿಗೆ ಜಗಳವಾದೀತೆಂದು ನಾನೂ ಹೇಳಲಿಲ್ಲ. ತಾತ ಆಮೇಲೆ ಯಾರಿಗೂ ಬೂದಿಯ ಮಾತು ಹೇಳಲಿಲ್ಲ. ತಾವೇ ಮಗಳ ಬಾಣಂತನ ಕೆಡಿಸಿದ್ದೆಂದು ತಿಳಿದೇ ಕಣ್ಣು ಮುಚ್ಚಿದರು.

ತಾತನ ಬೂದಿಯ ಲೆಕ್ಕ ಸರಿಯಿತ್ತು. ಕಂಬ ಬೇಗ ತೆಗೆದದ್ದು ತಪ್ಪು, ನಾನು ಎರಡು ಕಂಬ ತಡವಾಗಿ ಬಾಯಿ ಬಿಟ್ಟದ್ದು ತಪ್ಪು. ಭಾವನೂ ಹೋದರು, ಇದನ್ನು ಬಲ್ಲವಳು ಈಗ ನಾನೊಬ್ಬಳೇ. ಈ ಹಾಳೆಗಳನ್ನು ಮನೆಯ ಪತ್ರಗಳ ಜೊತೆ ಇಡಿ, ಮಕ್ಕಳೇ, ಗೆದ್ದಲು ಹಿಡಿಯದಂತೆ ನೋಡಿಕೊಳ್ಳಿ.