ಏಳನೆಯ ಎಲೆ

ನಂಬದವರು ನಂಬುವುದು ಬೇಡ. ಘಾಟಿ ಸುಬ್ಬಪ್ಪನಿಗೆ ಕೈಮುಗಿದು ಹೇಳುತ್ತೇನೆ, ಇದಕ್ಕೆ ನಾನು ಏನನ್ನೂ ಸೇರಿಸಿಲ್ಲ. ಯುದ್ಧ ಇನ್ನೂ ಮುಗಿದಿರಲಿಲ್ಲ, ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ನನಗೆ ಮದುವೆಯಾಗಿ ಎರಡು ವರ್ಷ. ನಮ್ಮ ಯಜಮಾನರು ದೊಡ್ಡಬಳ್ಳಾಪುರದಲ್ಲಿ ಮೇಷ್ಟರು.

ಮೊದಲು ನನ್ನ ಅಣ್ಣ ರಂಗನ ವಿಷಯ ಹೇಳಬೇಕು. ಸಾಸಲಿನ ನಮ್ಮ ಮನೆಯಿಂದ ಬೆಂಗಳೂರಿನ ಕಾಲೇಜಿಗೆ ಹೋದ ಮೊದಲನೆಯವನು ಅವನು. ಕೊನೆಯ ವರ್ಷ, ಪ್ರಶ್ನೆಪತ್ರಿಕೆ ಕದ್ದನೆಂದು ಕಾಲೇಜಿನಿಂದ ಹೊರಗೆ ಹಾಕಿದರು. ಊರಿಗೆ ಬಂದ. ಕಳ್ಳನಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದು ಅಪ್ಪ ಹೊಸಿಲು ದಾಟಿಸಲಿಲ್ಲ. ಹಾಗೇ ತಿರುಗಿ ನಡೆದವನು ಮತ್ತೆ ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವ್ವ ಮಾತ್ರ ಬಂದವರನ್ನೆಲ್ಲ ಕೇಳುತ್ತಿದ್ದಳು, ನನ್ನ ಮಗನನ್ನು ಎಲ್ಲಾದರೂ ಕಂಡಿರಾ ಎಂದು.

ಕಳ್ಳನ ತಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಅಣ್ಣನ ಜೊತೆ ಹಾಸ್ಟೆಲಿನಲ್ಲಿದ್ದ ಇವರೇ ಬಂದು, ಏನೂ ಕೇಳದೆ ತಾಳಿ ಕಟ್ಟಿದರು. ದಿನಾ ದೀಪ ಹಚ್ಚುವಾಗ ಅದೊಂದು ಉಪಕಾರ ನೆನೆದು ದೇವರಿಗೆ ಕೈಮುಗಿಯುತ್ತಿದ್ದೆ.

ಇವರಿಗೆ ಕಾಲೇಜಿನ ಕಾಲದ ಒಂದು ಕೂಟವಿತ್ತು. ಅಮಲ್ದಾರರ ಮಗ, ವಕೀಲರ ಮಗ, ಪಟೇಲರ ಮಗನಾದ ಇವರು... ಎಲ್ಲ ದೊಡ್ಡ ಮನೆಯವರೇ. ಅಲ್ಲಿ ಯಾರಿದ್ದಾರೆ, ಏನು ನಡೆಯುತ್ತದೆ ಎಂದು ಹೊರಗೆ ಬಾಯಿ ಬಿಡುವಂತಿಲ್ಲವೆಂದು ಆಣೆ ಹಾಕಿಕೊಂಡಿದ್ದರಂತೆ. ವರ್ಷಕ್ಕೊಂದು ರಾತ್ರಿ ರಾಜಘಟ್ಟದ ಹತ್ತಿರ, ಮಾವಿನ ತೋಪಿನೊಳಗಿನ ಹಳೇ ಬಂಗಲೆಯಲ್ಲಿ ಸೇರಿ ಊಟ ಮಾಡುತ್ತಿದ್ದರು. ಆ ವರ್ಷ ಅಡುಗೆಯವನು ಕೈಕೊಟ್ಟ. ನನ್ನನ್ನು ಕರೆದುಕೊಂಡು ಹೋದರು.

"ಆರು ಜನ ಬರ್ತೀವಿ. ನೀನು ಏಳು ಎಲೆ ಹಾಕು," ಎಂದರು. "ಬರದೋನಿಗೂ ಒಂದು ಎಲೆ, ಅದು ಕೂಟದ ನಿಯಮ. ಅದಕ್ಕೆ ಬಡಿಸ್ಬೇಡ."

"ಯಾರು ಬರ್ತಿಲ್ಲ?"

"ಯಾರೋ ಒಬ್ಬ, ಹುಷಾರಿಲ್ಲ. ನಿಂಗೆ ಗೊತ್ತಿಲ್ಲ ಬಿಡು."

ಅವರೆಯ ಕಾಲ, ಮೈ ಕೊರೆಯುವ ಚಳಿ. ಸೌದೆ ಚೆನ್ನಾಗಿ ಒಣಗಿತ್ತು, ಮುದ್ದೆ ಗಂಟಾಗಲಿಲ್ಲ. ಪರಸ್ಥಳದಲ್ಲಿ ಅಷ್ಟು ನಡೆಸಿಕೊಟ್ಟನಲ್ಲ ದೇವರು ಎಂದುಕೊಂಡೆ.

ಊಟದ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಕಿಟಕಿಗೆ ಕಬ್ಬಿಣದ ಸರಳು. ಕಂದೀಲಿಟ್ಟು, ಎಲೆ ಹಾಕಿ, ಆರಕ್ಕೂ ಬಡಿಸಿದೆ. ಏಳನೆಯದು ಬರಿದಾಗಿತ್ತು... ಸಾಲಿನಲ್ಲಿ ಒಂದು ಎಲೆ ಹಾಗೆ ಬಾಯಿಬಿಟ್ಟುಕೊಂಡಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಪಾಪ, ಹುಷಾರಿಲ್ಲದವರು ಎಂದು ಅದಕ್ಕೂ ಒಂದು ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟೆ.

ಗಂಡಸರು ಇನ್ನೂ ಜಗಲಿಯಲ್ಲಿ ಹರಟುತ್ತಿದ್ದರು. ಬೆಕ್ಕು ನುಗ್ಗೀತೆಂದು ಬಾಗಿಲು ಮುಂದಕ್ಕೆಳೆದು ಹೊರಗೆ ನಿಂತೆ.

ನಿಂತ ಮೇಲೆ ನೆನಪಾಯಿತು. ಮಹಾಲಯ ಅಮಾವಾಸ್ಯೆಯಲ್ಲಿ ಸತ್ತವರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ನಾವು ಹೀಗೇ ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಯಾರೋ ಬದುಕಿರುವವರಿಗೆ ಎಡೆ ಇಟ್ಟುಬಿಟ್ಟೆನಲ್ಲಪ್ಪ, ಶಿವನೇ...

ಅಷ್ಟರಲ್ಲಿ ಒಳಗಿನಿಂದ ಸದ್ದು.

ಸೊರ್... ಸೊರ್... ಎಲೆಯಿಂದ ಸಾರು ಬಳಿದುಕೊಂಡು ಹೀರುವ ಸದ್ದು. ಬಾಗಿಲ ಸಂದಿನಿಂದ ಕೆರೆಯ ಕೆಸರಿನ ವಾಸನೆ ಬಂತು. ಸುತ್ತ ಎಲ್ಲೂ ನೀರಿರಲಿಲ್ಲ. ಎಡೆ ಇಟ್ಟ ಕೋಣೆಯ ಬಾಗಿಲು ತೆಗೆಯುವ ಮುಂಚೆ, ಉಣ್ಣುವವರು ಏಳಲೆಂದು ಕೆಮ್ಮಬೇಕು. ಕೆಮ್ಮಿದೆ. ಸದ್ದು ನಿಂತಿತು. ತೆಗೆದೆ.

ಯಾರೂ ಇರಲಿಲ್ಲ. ಆರು ಎಲೆಗಳಲ್ಲಿ ಮುದ್ದೆ ಹೊಗೆಯಾಡುತ್ತಿತ್ತು. ಏಳನೆಯದರಲ್ಲಿ ಮುದ್ದೆಯಿಲ್ಲ, ಸಾರಿಲ್ಲ. ಅವರೆಕಾಳನ್ನೆಲ್ಲ ಎಲೆಯ ತುದಿಗೆ ಒತ್ತಿ ಗುಡ್ಡೆ ಮಾಡಿತ್ತು...

ಹಾಗೆ ಮಾಡುತ್ತಿದ್ದವನು ಭೂಮಿಯ ಮೇಲೆ ಒಬ್ಬನೇ. ಕಾಳೆಂದರೆ ಆಸೆ, ಕೊನೆಗೆ ತಿನ್ನಲೆಂದು ಕೂಡಿಡುತ್ತಿದ್ದ. ನಾನು ಬೇಗ ಕೆಮ್ಮಿಬಿಟ್ಟೆನೇನೋ.

ಗಂಡಸರು ಒಳಗೆ ಬಂದರು. ಮುಂದೆ ವಕೀಲರ ಮಗ ನಂಜಪ್ಪನವರು. ಎಲೆ ನೋಡಿ ನಕ್ಕರು.

"ಏನಪ್ಪಾ, ರಂಗ ಬಂದು ಉಂಡ್ಹೋಗ್ಬಿಟ್ನಾ? ತಂಗಿ ಕೈ ಅಡುಗೆ ಅಂದ್ರೆ ಬಿಡ್ತಾನಾ ಅವನು."

ಆಗಲೇ ನನಗೆ ತಿಳಿದದ್ದು, ಆ ಕೂಟದ ಏಳನೆಯವನು ನನ್ನ ಅಣ್ಣನೆಂದು.

"ಸುಮ್ನಿರೋ, ಇವಳು ಇಲ್ಲೇ ಇದಾಳೆ," ಎಂದರು ಇವರು.

"ಇನ್ನೂ ಹೇಳಿಲ್ವೇನಯ್ಯ? ಒಳ್ಳೇ ಗಂಡ ಕಣಯ್ಯ ನೀನು."

ಇವರ ಕಣ್ಣು ಕಾಳಿನ ಗುಡ್ಡೆಯ ಮೇಲೆ ಬಿತ್ತು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಪಕ್ಕದಲ್ಲಿ ಕೂತು ಉಂಡವರಲ್ಲವೇ. ಗೋಡೆ ಹಿಡಿದುಕೊಂಡರು.

"ನಾನೊಬ್ನೇ ಅಲ್ಲ," ಎಂದರು. ಯಾರಿಗೆ ಹೇಳಿದರೋ. "ನೀವೆಲ್ಲ ರುಜು ಹಾಕಿದೀರಿ."

"ಬರೆದೋನು ನೀನು," ಎಂದರು ನಂಜಪ್ಪನವರು. ಈಗ ನಗುತ್ತಿರಲಿಲ್ಲ.

"ಏನು ಬರೆದ್ರಿ?" ಎಂದೆ.

ನಂಜಪ್ಪನವರೇ ನೆಲ ನೋಡುತ್ತ ಹೇಳಿದರು. "ಪತ್ರಿಕೆ ಕದ್ದಿದ್ದು ನಾವು ಆರು ಜನ ಕಣಮ್ಮ. ಅವನು ಬೇಡ ಅಂದ. ಸಿಕ್ಕಿಬೀಳೋ ಹೊತ್ತಿಗೆ, ರಂಗನೇ ಕದ್ದ ಅಂತ ನಿನ್ನ ಗಂಡ ಬರೆದ, ನಾವು ರುಜು ಹಾಕಿದ್ವಿ. ಅವನು ಆಣೆ ಮುರೀಲಿಲ್ಲ. ನಮ್ಮ ಹೆಸರು ಹೇಳ್ಲಿಲ್ಲ."

ಆ ರಾತ್ರಿ ಯಾರೂ ಉಣ್ಣಲಿಲ್ಲ.

ಬೆಳಗಿನ ಜಾವ ಎತ್ತಿನ ಗಾಡಿಯಲ್ಲಿ ಬರುವಾಗ ಕೇಳಿದೆ. "ಅದಕ್ಕೇ ನನ್ನ ಮಾಡ್ಕೊಂಡ್ರಾ?"

"ಏನಾದ್ರೂ ಮಾಡ್ಬೇಕು ಅನ್ನಿಸ್ತು."

"ಹಾಗಾದ್ರೆ ಅವನು ಕದ್ದಿಲ್ಲ ಅಂತ ಈಗ ಬರ್ಕೊಡಿ."

"ಬರೆದ್ರೆ ನನ್ನ ಕೆಲಸ ಉಳಿಯುತ್ತೇನೇ?"

ಅವರು ಬರೆಯಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ನಾನು ಅವರ ಮನೆಯಲ್ಲೇ ಬಾಳಿದೆ, ಮಕ್ಕಳನ್ನು ಹೆತ್ತೆ. ದೀಪ ಹಚ್ಚುವಾಗ ನೆನೆಯುವ ಉಪಕಾರಗಳಲ್ಲಿ ಒಂದನ್ನು ಮಾತ್ರ ಬಿಟ್ಟೆ.

ಮರುದಿನವೇ ಸಾಸಲಿಗೆ ಹೋದೆ. ಅವ್ವ ರಾಗಿ ಬೀಸುತ್ತಿದ್ದಳು.

"ಅಣ್ಣ ಕದ್ದಿರಲಿಲ್ಲ ಕಣವ್ವ," ಎಂದೆ. ಯಾರು ಕದ್ದರು, ಯಾರು ಬರೆದರು, ಎಲ್ಲ ಹೇಳಿದೆ. ಆ ಎಲೆಯ ವಿಷಯ ಬಾಯಿಗೆ ಬರಲಿಲ್ಲ.

ಅವ್ವ ಕಲ್ಲು ನಿಲ್ಲಿಸಲಿಲ್ಲ. "ನನ್ನ ಮಗ ಕದಿಯಲ್ಲ ಅಂತ ನಂಗೊತ್ತಿಲ್ವಾ? ಅದು ಬಿಡು. ಎಲ್ಲಿದಾನಂತೆ? ಹೊಟ್ಟೆಗೆ ಏನಾದ್ರೂ ತಿಂದ್ನಂತಾ?"

"ತಿಂದ ಕಣವ್ವ," ಎಂದುಬಿಟ್ಟೆ.

ಬೀಸುವ ಕಲ್ಲು ನಿಂತಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಅಷ್ಟು ಸಾಕು," ಎಂದಳು. ಅಂದಿನಿಂದ ಬಂದವರನ್ನು ಕೇಳುವುದನ್ನು ಬಿಟ್ಟಳು. ಮಗ ಎಲ್ಲೋ ಚೆನ್ನಾಗಿದ್ದಾನೆಂದು ನಂಬಿಕೊಂಡೇ ಕಣ್ಣು ಮುಚ್ಚಿದಳು.

ನಾನು ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.